ಮೂಳೆಯೊಳಗಿನ ಮೂರೆಳೆ

ಹಲ್ಲು ಕಿತ್ತ ಮೇಲೆ ದವಡೆಯಲ್ಲಿ ಉಳಿಯುವ ಕುಳಿಗೆ ಸಕ್ಕರೆಯ ಹರಳಿನಂತೆ ಕಾಣುವ ಬಿಳಿಯ ಪುಡಿಯನ್ನು ತುಂಬಿ ಹೊಲಿಗೆ ಹಾಕುವ ಚಿಕಿತ್ಸೆ ಈಗ ಜಿಲ್ಲಾ ಕೇಂದ್ರಗಳ ದಂತ ಚಿಕಿತ್ಸಾಲಯಗಳನ್ನೂ ತಲುಪಿದೆ. ಗಡ್ಡೆ ತೆಗೆದ ಮೇಲೆ ಟೊಳ್ಳಾದ ತೋಳಿನ ಮೂಳೆ, ಅಪಘಾತದಲ್ಲಿ ಚೂರಾದ ಕಾಲಿನ ಮೂಳೆ, ಒಸಡಿನ ರೋಗದಿಂದ ಸವೆದ ಹಲ್ಲಿನ ಬುಡ ಇವಕ್ಕೂ ಇದೇ ಬಗೆಯ ಪದಾರ್ಥ ಬಳಕೆಯಾಗುತ್ತಿದೆ. ಚಿಕಿತ್ಸೆಗೆ ಮೊದಲು ವೈದ್ಯರು ದವಡೆಯ ಮೂರು ಆಯಾಮದ ಚಿತ್ರವನ್ನು ಗಣಕಯಂತ್ರದ ಪರದೆಯ ಮೇಲೆ ತಿರುಗಿಸಿ ತೋರಿಸುತ್ತಾರೆ. ಯಂತ್ರದ ಮೇಲೂ ಪುಡಿಯ ಶೀಷೆಯ ಮೇಲೂ ಬಹುಮಟ್ಟಿಗೆ ವಿದೇಶಿ ಹೆಸರುಗಳೇ ಇರುವುದರಿಂದ, ಈ ವಿದ್ಯೆಯೆಲ್ಲ ಹೊರಗಿನಿಂದ ಬಂದದ್ದೆಂದು ರೋಗಿ ಭಾವಿಸುವುದು ಸಹಜವೇ ಆಗಿದೆ.

ಆದರೆ ಆ ಭಾವನೆ ಅರ್ಧ ಮಾತ್ರ ನಿಜ. ಆ ಪುಡಿಯ ಸುತ್ತ ಹಬ್ಬಿ ಹೊಸ ಮೂಳೆಗೆ ಆಧಾರವಾಗುವ ನಾರು ಯಾವ ರೀತಿ ಹೆಣೆದಿದೆ ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿದವರೂ, ನೆರಳುಗಳಿಂದ ಒಳಗಿನ ಚಿತ್ರವನ್ನು ಕಟ್ಟುವ ಲೆಕ್ಕಕ್ಕೆ ಸುಗಮವಾದ ದಾರಿಯೊಂದನ್ನು ಹಾಕಿಕೊಟ್ಟವರೂ ಒಬ್ಬರೇ. ಅವರು ಬೆಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ಪಾಠ ಹೇಳಿ, 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಅವರ ಹೆಸರಿನ ನಕ್ಷೆ ಗೊತ್ತು. ಅವರ ಕೆಲಸದ ಫಲವನ್ನು ಬಾಯಲ್ಲಿಟ್ಟುಕೊಂಡು ಓಡಾಡುವ ಜನಸಾಮಾನ್ಯರಿಗೆ ಅವರ ಹೆಸರು ಗೊತ್ತಿಲ್ಲ. ನಾನು ಅವರನ್ನು ಕಂಡವನಲ್ಲ. ನನ್ನ ಓದು ಅರ್ಥಶಾಸ್ತ್ರ, ನನ್ನ ವೃತ್ತಿ ಸರ್ಕಾರಿ ಕಡತ. ಆದರೂ ನಿವೃತ್ತಿಯ ನಂತರ ಓದಿದ ಜೀವನಗಳಲ್ಲಿ ಇದರಷ್ಟು ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದಿಲ್ಲ. ಅದಕ್ಕೆ ನನ್ನ ಹುಟ್ಟೂರೂ ಒಂದು ಕಾರಣ. ಆ ಸಂಗತಿಗೆ ಮುಂದೆ ಬರುತ್ತೇನೆ.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರು. ಮಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲೇ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಿಂದ 1942ರಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ ಪಡೆದರು. ಆ ಕಾಲದ ಎಲ್ಲ ತಂದೆಯರಂತೆ ಇವರ ತಂದೆಗೂ ಮಗ ಸರ್ಕಾರಿ ಅಧಿಕಾರಿಯಾಗಬೇಕೆಂಬ ಆಸೆ. ಕೊನೆಗೆ ರೈಲ್ವೆ ಎಂಜಿನಿಯರಿಂಗ್ ಸೇವೆಯ ಪರೀಕ್ಷೆಗಾದರೂ ಕೂರಲೆಂದು ದೆಹಲಿಗೆ ಕಳುಹಿಸಿದರು. ಮಗ ಹೋದರು, ಬೇಕೆಂದೇ ಚೆನ್ನಾಗಿ ಮಾಡದೆ ಹಿಂದಿರುಗಿದರು ಎಂದು ಅವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನ್ನಂಥವನಿಗೆ ಈ ಪ್ರಸಂಗ ಓದಿದಾಗ ನಗು ಬಂದದ್ದುಂಟು. ರೈಲ್ವೆಗೆ ಒಬ್ಬ ಎಂಜಿನಿಯರ್ ನಷ್ಟವಾದದ್ದರಿಂದ ದೇಶಕ್ಕೆ ಆದ ಲಾಭವನ್ನು ಯಾವ ಆಯವ್ಯಯ ಪತ್ರದಲ್ಲೂ ತೋರಿಸಲು ಸಾಧ್ಯವಿಲ್ಲ.

ಅದೇ ವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಸ್ವಲ್ಪ ಕಾಲದಲ್ಲೇ ಸಿ.ವಿ. ರಾಮನ್ ಈ ಹುಡುಗನ ಪ್ರತಿಭೆಯನ್ನು ಗುರುತಿಸಿ, ಆ ವಿಭಾಗದ ಮುಖ್ಯಸ್ಥರ ಮನವೊಲಿಸಿ, ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಕರೆತಂದರು. ಹರಳುಗಳ ಮೂಲಕ ಬೆಳಕು ಹೇಗೆ ಹಾಯುತ್ತದೆ, ಕ್ಷ-ಕಿರಣ ಅವುಗಳಿಗೆ ಬಡಿದು ಹೇಗೆ ಚದುರುತ್ತದೆ ಎಂಬುದನ್ನು ಅವರು ಅಲ್ಲಿ ಅಭ್ಯಾಸ ಮಾಡಿದರು. ಮದರಾಸು ವಿಶ್ವವಿದ್ಯಾಲಯದ ಡಿ.ಎಸ್ಸಿ. ಪದವಿ 1947ರಲ್ಲಿ ಬಂತು. ಆ ಬಳಿಕ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಎರಡು ವರ್ಷ. ವೂಸ್ಟರ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮುಗಿಸಿ, ಅಲ್ಲಿಗೆ ಬಂದಿದ್ದ ಲೈನಸ್ ಪಾಲಿಂಗ್ ಅವರ ಉಪನ್ಯಾಸ ಕೇಳಿ, 1949ರಲ್ಲಿ ಬೆಂಗಳೂರಿಗೆ ಮರಳಿದರು. ಜೀವಿಗಳ ದೇಹದೊಳಗಿನ ದೊಡ್ಡ ಅಣುಗಳಿಗೂ ಒಂದು ವಾಸ್ತುವಿದೆ, ಅದನ್ನು ಮಾದರಿ ಕಟ್ಟಿ ಕಂಡುಹಿಡಿಯಬಹುದು ಎಂಬ ಯೋಚನೆ ಅವರ ಮನಸ್ಸಿನಲ್ಲಿ ಬೇರೂರಿದ್ದು ಆ ಉಪನ್ಯಾಸಗಳಿಂದ.

1952ರಲ್ಲಿ ಮದರಾಸು ವಿಶ್ವವಿದ್ಯಾಲಯ ಹೊಸದಾಗಿ ಭೌತಶಾಸ್ತ್ರ ವಿಭಾಗ ತೆರೆಯಿತು. ಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರರು ರಾಮನ್ ಅವರನ್ನು ಆಹ್ವಾನಿಸಿದರು. ರಾಮನ್ ತಮ್ಮ ಬದಲಿಗೆ ಈ ಶಿಷ್ಯನ ಹೆಸರು ಸೂಚಿಸಿದರು. ಹೀಗೆ ಮೂವತ್ತನೆಯ ವಯಸ್ಸಿಗೆ ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಅದೇ ವರ್ಷ ಮದರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲ್, ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಿಡಿಸಲಾಗದೆ ಉಳಿದಿದೆಯೆಂದು ಮಾತಿನ ನಡುವೆ ತಿಳಿಸಿದರು. ರಾಮಚಂದ್ರನ್‌ಗೆ ಅಷ್ಟು ಸಾಕಾಯಿತು.

ಇಲ್ಲಿ ಕೊಲಾಜೆನ್ ಎಂದರೇನೆಂದು ನಾಲ್ಕು ಮಾತು ಅಗತ್ಯ. ನಮ್ಮ ಚರ್ಮ, ಸ್ನಾಯುರಜ್ಜು, ಒಸಡು, ಹಲ್ಲನ್ನು ದವಡೆಗೆ ಕಟ್ಟಿಹಾಕುವ ನಾರು ಎಲ್ಲದರಲ್ಲೂ ಇರುವ ಪ್ರೋಟೀನ್ ಅದು. ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡರಷ್ಟು ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ರಂಜಕಗಳು ಸೇರಿದ ಹೈಡ್ರಾಕ್ಸಿಅಪಟೈಟ್ ಜಾತಿಯ ಸೂಕ್ಷ್ಮ ಹರಳು. ಉಳಿದುದರಲ್ಲಿ ನೀರನ್ನು ಬಿಟ್ಟರೆ ಬಹುಪಾಲು ಕೊಲಾಜೆನ್. ಖನಿಜ ಮೂಳೆಗೆ ಗಡಸುತನ ಕೊಟ್ಟರೆ ಕೊಲಾಜೆನ್ ಬಾಗಿ ಬಳುಕುವ ತಾಳಿಕೆ ಕೊಡುತ್ತದೆ. ಒಂದೇ ಇದ್ದರೆ ಮೂಳೆ ಸೀಮೆಸುಣ್ಣದಂತೆ ಪಟ್ಟನೆ ಮುರಿಯುತ್ತದೆ, ಇನ್ನೊಂದೇ ಇದ್ದರೆ ಹಗ್ಗದಂತೆ ಮಡಚಿಕೊಳ್ಳುತ್ತದೆ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಹೇಗೋ ಹಾಗೆ ಇದು ಎಂದರೆ ತಪ್ಪಾಗದು. ಇಷ್ಟು ಮುಖ್ಯವಾದ ನಾರಿನ ಒಳ ಹೆಣಿಗೆ 1952ರವರೆಗೆ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

ನೆರೆಯಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕೊಲಾಜೆನ್ ಮಾದರಿಗಳು ಬಂದವು. ಒಳ್ಳೆಯ ಕ್ಷ-ಕಿರಣ ಚಿತ್ರ ಕೊಟ್ಟದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜು. ಸಹೋದ್ಯೋಗಿ ಗೋಪಿನಾಥ ಕರ್ತ ಅವರೊಡನೆ ಲೆಕ್ಕ ಹಾಕುತ್ತ, ಕೋಲು ಮತ್ತು ಗೋಲಗಳಿಂದ ಮಾದರಿ ಕಟ್ಟುತ್ತ, ಕೆಡವುತ್ತ ಹೋದರು. ಕೊಲಾಜೆನ್‌ನಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಒಟ್ಟು ಸಂಖ್ಯೆಯ ಮೂರನೆಯ ಒಂದರಷ್ಟಿದೆ ಎಂಬುದು ಮೊದಲೇ ಗೊತ್ತಿತ್ತು. ಹಾಗಾದರೆ ಪ್ರತಿ ಮೂರನೆಯ ಸ್ಥಾನದಲ್ಲೂ ಅದೇ ಇರಬೇಕು, ಮೂರು ಎಳೆಗಳು ಒಟ್ಟಿಗೆ ಹುರಿಗೊಂಡಾಗ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಸಣ್ಣದು ಅದೊಂದೇ ಎಂಬುದು ಅವರಿಗೆ ಹೊಳೆಯಿತು. ಮೂರೆಳೆಯ ಆ ಮಾದರಿ 1954ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಿಎನ್ಎಯ ಎರಡೆಳೆಯ ಸುರುಳಿ ಪ್ರಕಟವಾಗಿ ಒಂದು ವರ್ಷವಷ್ಟೇ ಆಗಿತ್ತು.

ಅಲ್ಲಿಗೆ ಅವರು ನಿಲ್ಲಲಿಲ್ಲ. ಮಾದರಿಯ ಕೆಲವು ಅಂಶಗಳು ಕ್ಷ-ಕಿರಣ ಚಿತ್ರಕ್ಕೆ ಸರಿಯಾಗಿ ಹೊಂದುತ್ತಿರಲಿಲ್ಲ. ಚಂದ್ರ ಭೂಮಿಯನ್ನು ಸುತ್ತುವಾಗ ತನ್ನ ಒಂದೇ ಮುಖವನ್ನು ನಮಗೆ ತೋರಿಸುತ್ತಾನೆ. ಸುತ್ತುವ ಕ್ರಿಯೆಯೊಳಗೇ ಇನ್ನೊಂದು ತಿರುಗುವಿಕೆ ಸೇರಿಕೊಂಡಿರುವುದರಿಂದ ಹಾಗಾಗುತ್ತದೆ. ಇದನ್ನು ನೆನೆದಾಗ ಎಳೆಗಳು ಒಂದೊಂದೂ ಸುರುಳಿ ಸುತ್ತಿಕೊಂಡು, ಮತ್ತೆ ಮೂರೂ ಸೇರಿ ಒಂದರ ಸುತ್ತ ಒಂದು ಸುತ್ತಿಕೊಂಡಿರಬೇಕೆಂದು ಅವರಿಗೆ ಹೊಳೆಯಿತು. ಪರಿಷ್ಕರಿಸಿದ ಮಾದರಿ 1955ರಲ್ಲಿ ಪ್ರಕಟವಾಯಿತು. ಹಗ್ಗ ಹೊಸೆಯುವುದನ್ನು ಕಂಡ ನಮ್ಮ ಹಳ್ಳಿಗಳ ಜನಕ್ಕೆ ಈ ರಚನೆ ಅಪರಿಚಿತವಲ್ಲ. ಎಳೆಯನ್ನು ಮೊದಲು ಹುರಿ ಮಾಡಿ, ಆಮೇಲೆ ಹುರಿಗಳನ್ನು ಹೊಸೆದರೆ ಮಾತ್ರ ಹಗ್ಗ ಬಿಚ್ಚಿಕೊಳ್ಳದು.

ಅದೇ ವರ್ಷ ಕೇಂಬ್ರಿಜ್‌ನಿಂದ ರಿಚ್ ಮತ್ತು ಕ್ರಿಕ್ ತಕರಾರು ಎತ್ತಿದರು. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಇರಬಾರದಷ್ಟು ಹತ್ತಿರ ಬಂದಿವೆ, ಎಳೆಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧ ಎರಡಲ್ಲ, ಒಂದೇ ಎಂಬುದು ಅವರ ವಾದ. ಕ್ರಿಕ್ ಆಗಲೇ ಜಗತ್ಪ್ರಸಿದ್ಧರು. ಬಂಧಗಳ ಸಂಖ್ಯೆಯ ವಿಷಯದಲ್ಲಿ ಇಂದಿನ ತಿಳಿವಳಿಕೆ ಬಹುಮಟ್ಟಿಗೆ ಕೇಂಬ್ರಿಜ್‌ನ ತಿದ್ದುಪಡಿಯನ್ನು ಒಪ್ಪುತ್ತದೆ. ಮೂರೆಳೆಯ ಮೂಲ ವಿನ್ಯಾಸ ಮಾತ್ರ ಮದರಾಸಿನದೆಂಬುದು ನಿರ್ವಿವಾದ. ನನ್ನ ಗಮನ ಸೆಳೆದದ್ದು ಗೆದ್ದವರು ಯಾರು ಎಂಬುದಲ್ಲ, ರಾಮಚಂದ್ರನ್ ಆ ಆಕ್ಷೇಪಣೆಯನ್ನು ಬಳಸಿಕೊಂಡ ರೀತಿ.

ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಪ್ರಶ್ನೆಗೆ ಆಗ ಯಾರ ಬಳಿಯೂ ಖಚಿತವಾದ ಉತ್ತರವಿರಲಿಲ್ಲ. ಅವರು ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅದುವರೆಗೆ ಪ್ರಕಟವಾಗಿದ್ದ ಹರಳು ರಚನೆಗಳನ್ನೆಲ್ಲ ಜಾಲಾಡಿ, ಯಾವ ಜೋಡಿ ಪರಮಾಣುಗಳ ನಡುವೆ ಕನಿಷ್ಠ ಎಷ್ಟು ಅಂತರ ಕಂಡಿದೆ ಎಂದು ಪಟ್ಟಿಮಾಡಿದರು. ಪ್ರೋಟೀನಿನ ಸರಪಳಿಯ ಪ್ರತಿ ಕೊಂಡಿಯಲ್ಲೂ ತಿರುಗಬಲ್ಲ ಎರಡು ಕೀಲುಗಳಿರುತ್ತವೆ. ಎರಡೂ ಕೀಲುಗಳ ಕೋನವನ್ನು ಒಂದು ಚೌಕದ ಎರಡು ಅಂಚುಗಳ ಮೇಲೆ ಗುರುತಿಸಿದರೆ, ಆ ಚೌಕದ ಯಾವ ಭಾಗದಲ್ಲಿ ಸರಪಳಿ ನಿರಾತಂಕವಾಗಿ ಇರಬಲ್ಲದು, ಯಾವ ಭಾಗದಲ್ಲಿ ಕಷ್ಟಪಟ್ಟು ಇರಬಲ್ಲದು, ಎಲ್ಲಿ ಇರಲಾರದು ಎಂಬುದು ನಕ್ಷೆಯಾಗಿ ಮೂಡುತ್ತದೆ. ಸಹೋದ್ಯೋಗಿಗಳಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಈ ನಕ್ಷೆಗೆ ಇಂದು ಜಗತ್ತಿನಾದ್ಯಂತ ರಾಮಚಂದ್ರನ್ ನಕ್ಷೆ ಎಂದೇ ಹೆಸರು. ಗಣಕಯಂತ್ರವೇ ಪ್ರೋಟೀನಿನ ಆಕಾರವನ್ನು ಊಹಿಸುವ ಸಾಧನೆಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಂಥ ಆಕಾರ ನಂಬತಕ್ಕದ್ದೋ ಅಲ್ಲವೋ ಎಂದು ಪರೀಕ್ಷಿಸುವಾಗ ಇಂದಿಗೂ ಮೊದಲು ನೋಡುವ ಒರೆಗಲ್ಲುಗಳಲ್ಲಿ ಈ ನಕ್ಷೆ ಒಂದು.

1970ರ ಹೊತ್ತಿಗೆ ಅವರು ಮದರಾಸು ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರನ್ನು ಬೆಂಗಳೂರಿಗೆ ಬರಮಾಡಿಕೊಂಡರು. ಅವರು ಅಲ್ಲಿ ಕಟ್ಟಿದ ಅಣುಜೈವಿಕ ಭೌತವಿಜ್ಞಾನ ಘಟಕ ಇಂದಿಗೂ ದೇಶದ ಪ್ರಮುಖ ಸಂಶೋಧನಾ ಕೇಂದ್ರಗಳಲ್ಲಿ ಒಂದು. 1971ರಲ್ಲಿ ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಒಂದು ಪ್ರಬಂಧ ಕೊಲಾಜೆನ್‌ಗೆ ಸಂಬಂಧವಿಲ್ಲದ್ದು. ಒಂದು ವಸ್ತುವಿನ ಕ್ಷ-ಕಿರಣ ನೆರಳನ್ನು ಹಲವು ದಿಕ್ಕುಗಳಿಂದ ಹಿಡಿದರೆ, ಆ ನೆರಳುಗಳಿಂದ ವಸ್ತುವಿನ ಒಳಗನ್ನು ಮರಳಿ ಕಟ್ಟುವುದು ಹೇಗೆ? ಆಗ ಬಳಕೆಯಲ್ಲಿದ್ದ ಗಣಿತ ಆ ಕಾಲದ ಗಣಕಯಂತ್ರಗಳಿಗೆ ಭಾರವಾಗಿತ್ತು. ಪ್ರತಿ ನೆರಳನ್ನೂ ಮೊದಲು ಒಂದು ಸರಳ ಸೂತ್ರದಿಂದ ಸೋಸಿ, ಮಸುಕನ್ನು ಕಳೆದು, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿದರೆ ಚಿತ್ರ ಬೇಗನೆ, ಹೆಚ್ಚು ಸ್ಪಷ್ಟವಾಗಿ ಮೂಡುತ್ತದೆಂದು ಅವರು ತೋರಿಸಿದರು. ಸಿ.ಟಿ. ಸ್ಕ್ಯಾನ್ ಯಂತ್ರಗಳು ಮುಂದೆ ದಶಕಗಳ ಕಾಲ ಅನುಸರಿಸಿದ್ದು ಈ ಬಗೆಯ ಸೋಸಿ ಹರಡುವ ಲೆಕ್ಕವನ್ನೇ. ದಂತವೈದ್ಯರ ಕೋಣೆಯಲ್ಲಿ ದವಡೆಯ ಸುತ್ತ ಒಂದು ಸುತ್ತು ಹಾಕುವ ಯಂತ್ರದ ಲೆಕ್ಕವೂ ಇದೇ ಮನೆತನದ್ದು. ಸಿ.ಟಿ. ಸ್ಕ್ಯಾನ್‌ಗಾಗಿ 1979ರ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು. ರಾಮಚಂದ್ರನ್‌ಗೆ ನೊಬೆಲ್ ಕೊನೆಗೂ ಬರಲಿಲ್ಲ.

ಈಗ ನನ್ನ ಹುಟ್ಟೂರಿನ ಮಾತು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದಿಂದ ಕೂಗಳತೆಯಲ್ಲಿರುವ ಬಸ್ತಿಹಳ್ಳಿ ನನ್ನದು. ದೇಗುಲ ನೋಡಲು ಬರುವ ಬಸ್ಸುಗಳು ಸಾಮಾನ್ಯವಾಗಿ ನಮ್ಮೂರಿಗೆ ತಿರುಗುವುದಿಲ್ಲ. ಅಲ್ಲಿ ಸಾಲಾಗಿ ನಿಂತಿರುವ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಲ್ಲಿ ಮೊದಲನೆಯದು 1133ರದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ್ದು. ಅದರ ನವರಂಗದ ಕಂಬಗಳನ್ನು ಕನ್ನಡಿಯಂತೆ ಉಜ್ಜಿದ್ದಾರೆ; ಒಂದೇ ಕಂಬದಲ್ಲಿ ನಿಂತ ಜಾಗಕ್ಕೆ ತಕ್ಕಂತೆ ಒಂದೊಂದು ಬಗೆಯ ಪ್ರತಿಬಿಂಬ ಕಾಣುತ್ತದೆ. ಯಾವ ಮಾತೂ ಒಂದು ದೃಷ್ಟಿಯಿಂದ ಮಾತ್ರ ನಿಜ, ಆ ದೃಷ್ಟಿ ಯಾವುದೆಂದು ಹೇಳದೆ ಮಾತನ್ನು ಪೂರ್ಣಗೊಳಿಸಬಾರದು ಎನ್ನುವ ಜೈನರ ಸ್ಯಾದ್ವಾದಕ್ಕೆ ಆ ಕಂಬಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು.

1980ರ ದಶಕದ ಆರಂಭದಲ್ಲಿ, ಅರವತ್ತರ ಅಂಚಿನಲ್ಲಿದ್ದ ರಾಮಚಂದ್ರನ್ ಇದೇ ಸ್ಯಾದ್ವಾದವನ್ನು ಗಣಿತಕ್ಕೆ ತಂದರು ಎಂಬುದನ್ನು ಓದಿದಾಗ ನನಗಾದ ಬೆರಗು ಅಷ್ಟಿಷ್ಟಲ್ಲ. ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅವರು ಸ್ಯಾದ್ ನ್ಯಾಯ ಪದ್ಧತಿ ಎಂಬ ತರ್ಕವ್ಯವಸ್ಥೆಯೊಂದನ್ನು ಮಂಡಿಸಿದರು. ರೂಢಿಯ ತರ್ಕದಲ್ಲಿ ಒಂದು ಹೇಳಿಕೆ ನಿಜ ಅಥವಾ ಸುಳ್ಳು. ಅವರ ವ್ಯವಸ್ಥೆಯಲ್ಲಿ ಇನ್ನೆರಡು ಸ್ಥಿತಿಗಳಿವೆ: ನಿಜವೋ ಸುಳ್ಳೋ ಇನ್ನೂ ತೀರ್ಮಾನವಾಗದ ಸಂದೇಹದ ಸ್ಥಿತಿ, ಎರಡೂ ಆಗಲಾರದ ಅಸಂಗತ ಸ್ಥಿತಿ. ಸಂದೇಹವನ್ನು ದೋಷವೆಂದು ತಳ್ಳಿಹಾಕದೆ, ಅದಕ್ಕೂ ಒಂದು ಚಿಹ್ನೆ ಕೊಟ್ಟು, ಲೆಕ್ಕದೊಳಗೆ ಸೇರಿಸಿಕೊಂಡ ಕ್ರಮ ಇದು. ಹಿಂದಿರುಗಿ ನೋಡಿದರೆ 1963ರ ನಕ್ಷೆಯಲ್ಲೂ ಇದೇ ಮನೋಧರ್ಮ ಕಾಣುತ್ತದೆ. ಅದೂ ಸಾಧ್ಯ, ಅಸಾಧ್ಯ ಎಂಬ ಎರಡೇ ತುಂಡುಗಳಾಗಿ ಜಗತ್ತನ್ನು ಕತ್ತರಿಸುವುದಿಲ್ಲ. ಎಲ್ಲಿ ಸಲೀಸು, ಎಲ್ಲಿ ಷರತ್ತಿಗೊಳಪಟ್ಟು, ಎಲ್ಲಿ ಇಲ್ಲವೇ ಇಲ್ಲ ಎಂದು ಗಡಿ ಹಾಕಿ ತೋರಿಸುತ್ತದೆ.

ಈ ಮನೋಧರ್ಮವನ್ನು ಈಗ ಕೃತಕ ಮೂಳೆಯ ಮಾರುಕಟ್ಟೆಗೆ ಹಿಡಿದು ನೋಡಬೇಕಾಗಿದೆ. ಮೂಳೆ ಕಸಿಗೆ ಅತ್ಯುತ್ತಮವಾದದ್ದು ರೋಗಿಯದೇ ಮೂಳೆ. ಗಲ್ಲದಿಂದಲೋ ಸೊಂಟದಿಂದಲೋ ತೆಗೆದರೆ ಜೀವಕೋಶಗಳೂ ಜೊತೆಗೆ ಬರುತ್ತವೆ. ಆದರೆ ಒಂದು ಗಾಯ ಮಾಯಿಸಲು ಇನ್ನೊಂದು ಗಾಯ ಮಾಡಬೇಕು. ಆದ್ದರಿಂದಲೇ ಬದಲಿ ಪದಾರ್ಥಗಳ ಹುಡುಕಾಟ ನಡೆಯಿತು. ಅಮೆರಿಕದ ಶಸ್ತ್ರವೈದ್ಯ ಫ್ರೆಡ್ ಆಲ್ಬೀ 1920ರಲ್ಲೇ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಲವಣ ಮುರಿದ ಮೂಳೆ ಬೇಗ ಕೂಡಲು ನೆರವಾಗುತ್ತದೆಂದು ವರದಿ ಮಾಡಿದರು. 1969ರಲ್ಲಿ ಲ್ಯಾರಿ ಹೆಂಚ್ ಮೂಳೆಗೆ ಅಂಟಿಕೊಳ್ಳುವ ಒಂದು ಬಗೆಯ ಗಾಜನ್ನು ಕಂಡುಹಿಡಿದರು. ಇಂದು ಸಂಶ್ಲೇಷಿತ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಇವೆರಡರ ಮಿಶ್ರಣ, ಜೈವಿಕ ಗಾಜು ಎಲ್ಲವೂ ಲಭ್ಯ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯೂ ಇಂಥ ಪದಾರ್ಥಗಳನ್ನು ನಮ್ಮಲ್ಲೇ ರೂಪಿಸಿದೆ. ಇವುಗಳಲ್ಲಿರುವ ಮುಖ್ಯ ಮೂಲವಸ್ತುಗಳಾದ ಕ್ಯಾಲ್ಸಿಯಂ ಮತ್ತು ರಂಜಕ ನಮ್ಮ ರೈತರು ಹೊಲಕ್ಕೆ ಹಾಕುವ ಸೂಪರ್ ಫಾಸ್ಫೇಟಿನಲ್ಲೂ ಇವೆ. ಚೀಲದಲ್ಲಿ ಬಂದರೆ ಅಗ್ಗ, ಶೀಷೆಯಲ್ಲಿ ಬಂದರೆ ದುಬಾರಿ. ಬೆಲೆ ಇರುವುದು ಪದಾರ್ಥಕ್ಕಲ್ಲ, ಅದರ ಶುದ್ಧತೆಗೆ, ರಂಧ್ರಗಳ ಅಳತೆಗೆ, ಅದರ ಹಿಂದಿನ ತಿಳಿವಳಿಕೆಗೆ.

ಗಮನಿಸಬೇಕಾದ ಸಂಗತಿಯೆಂದರೆ ಈ ಪುಡಿ ತಾನೇ ಮೂಳೆಯಾಗುವುದಿಲ್ಲ. ಅದು ಹಂದರ. ಅದರ ರಂಧ್ರಗಳೊಳಗೆ ರಕ್ತನಾಳಗಳು ನುಗ್ಗಿ, ಜೀವಕೋಶಗಳು ಬಂದು, ರಾಮಚಂದ್ರನ್ ಕಂಡ ಮೂರೆಳೆಯ ನಾರನ್ನು ಹೊಸೆದು ಹಾಸುತ್ತವೆ. ಆ ನಾರಿನ ಮೇಲೆ ದೇಹವೇ ಖನಿಜವನ್ನು ಕೂರಿಸುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ತಿಂಗಳುಗಳಲ್ಲಿ ಕರಗಿ ಜಾಗ ಬಿಟ್ಟುಕೊಡುತ್ತದೆ, ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಶಿಥಿಲ ದೇಗುಲದ ಜೀರ್ಣೋದ್ಧಾರದಲ್ಲಿ ಬಿದ್ದುಹೋದ ಶಿಲ್ಪದ ಜಾಗಕ್ಕೆ ಸಾದಾ ಕಲ್ಲನ್ನಿಟ್ಟು ಭಾರ ಹೊರಿಸುವುದುಂಟು. ಆ ಕಲ್ಲು ಎಂದೂ ಶಿಲ್ಪವಾಗದು. ದವಡೆಯಲ್ಲಿ ಮಾತ್ರ, ಎಲ್ಲವೂ ಸರಿಯಿದ್ದರೆ, ಸಾದಾ ಕಲ್ಲಿನ ಜಾಗದಲ್ಲಿ ಮೂಲ ಶಿಲ್ಪವೇ ಮರಳಿ ಮೂಡುತ್ತದೆ.

ಎಲ್ಲವೂ ಸರಿಯಿದ್ದರೆ ಎಂಬ ಈ ಮಾತೇ ಸ್ಯಾತ್. ಸುತ್ತ ಗೋಡೆಗಳಿರುವ ಕುಳಿಯಲ್ಲಿ ಈ ಪದಾರ್ಥ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಕಡೆಯೂ ಒಂದೇ ಸಮನೆ ತಗ್ಗಿದ ಮೂಳೆಯನ್ನು ಎತ್ತರಿಸುವುದು ಅದಕ್ಕೆ ಬಹಳ ಕಷ್ಟ. ಹತೋಟಿಗೆ ಬಾರದ ಮಧುಮೇಹ, ಧೂಮಪಾನ, ಶುಚಿಯಿಲ್ಲದ ಬಾಯಿ ಇದ್ದಲ್ಲಿ ಫಲ ಕುಂಠಿತವಾಗುತ್ತದೆ. ಸಿ ಜೀವಸತ್ವ ಇಲ್ಲದಿದ್ದರೆ ಮೂರೆಳೆಯ ಹುರಿ ಭದ್ರವಾಗಿ ನಿಲ್ಲುವುದಿಲ್ಲ. ಹಿಂದೆ ನಾವಿಕರ ಒಸಡಿನಲ್ಲಿ ರಕ್ತ ಬಂದು ಹಲ್ಲು ಅಲುಗುತ್ತಿದ್ದುದು ಅದರಿಂದಲೇ. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ದವಡೆಯ ಅಂಚಿನ ಅಗಲ ಅರ್ಧದಷ್ಟು ಕುಗ್ಗಬಹುದು. ಪುಡಿ ಆ ಕುಗ್ಗುವಿಕೆಯನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಜಾಹೀರಾತುಗಳಲ್ಲಿ ಈ ಯಾವ ಷರತ್ತೂ ಇರುವುದಿಲ್ಲ. ಅಲ್ಲಿ ಎಲ್ಲವೂ ಖಾತರಿ.

ಇನ್ನೊಂದು ಮುಖ್ಯ ಪ್ರಶ್ನೆ ಪದಾರ್ಥದ ಮೂಲದ್ದು. ಮಾರುಕಟ್ಟೆಯಲ್ಲಿ ಸಂಶ್ಲೇಷಿತವಾದದ್ದಷ್ಟೇ ಇಲ್ಲ. ದನದ ಮೂಳೆಯಿಂದ ಪ್ರೋಟೀನನ್ನು ತೆಗೆದು ಮಾಡಿದ ಪುಡಿ, ದಾನಿಗಳ ದೇಹದಿಂದ ಪಡೆದ ಮೂಳೆ, ಮೇಲೆ ಹೊದಿಸಲು ದನ ಅಥವಾ ಹಂದಿಯ ಕೊಲಾಜೆನ್ ಪೊರೆ ಎಲ್ಲವೂ ಇವೆ. ಇವು ವೈದ್ಯಕೀಯವಾಗಿ ಪರೀಕ್ಷಿತವಾದವು, ಕೆಲವೆಡೆ ಹೆಚ್ಚು ಅನುಕೂಲವೂ ಹೌದು. ಆದರೆ ರೋಗಿ ಕೇಳಿ ಒಪ್ಪಬೇಕಲ್ಲವೇ? ಕೆಲ ವರ್ಷಗಳ ಹಿಂದೆ ನನಗೇ ಈ ಚಿಕಿತ್ಸೆ ಬೇಕಾದಾಗ ಹಾಸನದ ಯುವ ದಂತವೈದ್ಯರೊಬ್ಬರು ಮೂರು ಬಗೆಯ ಶೀಷೆಗಳನ್ನು ಮೇಜಿನ ಮೇಲಿಟ್ಟು, ಒಂದೊಂದರ ಮೂಲ, ಗುಣ, ಮಿತಿ, ಬೆಲೆಗಳನ್ನು ಕಾಲು ಗಂಟೆ ವಿವರಿಸಿದರು. ನಾನು ಸಂಶ್ಲೇಷಿತವಾದದ್ದನ್ನು ಆರಿಸಿದೆ. ಆ ಕಾಲು ಗಂಟೆ ಎಲ್ಲರಿಗೂ ಸಿಗುವುದಿಲ್ಲವೆಂಬುದನ್ನು ಬಂಧುಮಿತ್ರರಿಂದ ಕೇಳಿ ಬಲ್ಲೆ. ಸೂರ್ಯಾಸ್ತದ ಮೇಲೆ ಊಟ ಮಾಡದ, ನೆಲದಡಿಯ ಗೆಡ್ಡೆಯನ್ನೂ ಮುಟ್ಟದ ಯಾತ್ರಿಕರು ನಮ್ಮೂರ ಬಸದಿಗಳಿಗೆ ಬರುತ್ತಾರೆ. ಅಂಥವರ ದವಡೆಯೊಳಗೆ ಏನಿಟ್ಟಿದ್ದೇವೆಂದು ಅವರಿಗೆ ತಿಳಿಸದಿರುವುದು ಮತಧರ್ಮದ ಪ್ರಶ್ನೆಗಿಂತ ಮೊದಲು ನಾಗರಿಕ ಹಕ್ಕಿನ ಪ್ರಶ್ನೆ. ಮಾಂಸಾಹಾರಿಗೂ ಅದೇ ಹಕ್ಕಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹುಡುಕುವ ನಾವು, ವರ್ಷಗಟ್ಟಲೆ ದೇಹದಲ್ಲಿ ಉಳಿಯುವ ವಸ್ತುವಿನ ಬಗ್ಗೆ ಬಿಲ್ಲಿನಲ್ಲಿರುವ ವ್ಯಾಪಾರಿ ಹೆಸರಿಗೇ ತೃಪ್ತರಾಗುತ್ತೇವೆ.

ಕಾನೂನಿನ ಚೌಕಟ್ಟು ಇಲ್ಲವೆ ಎಂದರೆ ಇದೆ. ವೈದ್ಯಕೀಯ ಉಪಕರಣಗಳ ನಿಯಮಾವಳಿ 2017ರಲ್ಲಿ ಬಂತು. 2017ರಲ್ಲೇ ಹೃದಯದ ಸ್ಟೆಂಟ್‌ಗೂ ಕೃತಕ ಮಂಡಿಗೂ ಗರಿಷ್ಠ ಬೆಲೆ ನಿಗದಿಯಾಯಿತು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದವು. ಆದರೆ ಪೊಟ್ಟಣದ ಮೇಲಿನ ಸಣ್ಣ ಅಕ್ಷರದ ಇಂಗ್ಲಿಷ್ ಮಾಹಿತಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಉಳಿಯುತ್ತದೆ, ರೋಗಿಯ ಕೈಗೆ ಬರುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಕನ್ನಡದ ನಾಲ್ಕು ಸಾಲು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ: ಪದಾರ್ಥ ಪ್ರಾಣಿಯದೋ, ಮನುಷ್ಯನದೋ, ಸಂಶ್ಲೇಷಿತವೋ; ಕರಗುವುದೋ ಉಳಿಯುವುದೋ; ಈ ರೋಗಿಯ ಸ್ಥಿತಿಯಲ್ಲಿ ಫಲದ ಸಾಧ್ಯತೆ ಎಂಥದು; ಬೆಲೆ ಎಷ್ಟು. ಸರ್ಕಾರಿ ದಂತ ಕಾಲೇಜುಗಳು ಮೊದಲು ಇದನ್ನು ಜಾರಿಗೆ ತಂದರೆ ಖಾಸಗಿಯವರು ಹಿಂಬಾಲಿಸದೆ ವಿಧಿಯಿಲ್ಲ. ಆಡಳಿತದ ಅನುಭವದಿಂದ ಹೇಳುವುದಾದರೆ, ಒಂದು ನಮೂನೆಯಲ್ಲಿ ಒಂದು ಕಲಂ ಸೇರಿಸುವುದರಿಂದ ಆಗುವಷ್ಟು ಸುಧಾರಣೆ ಅನೇಕ ವೇಳೆ ದೊಡ್ಡ ಯೋಜನೆಗಳಿಂದಲೂ ಆಗುವುದಿಲ್ಲ.

ರಾಮಚಂದ್ರನ್ ಅವರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಅವರನ್ನು ಕುಗ್ಗಿಸಿತು. 1945ರಲ್ಲಿ ಕೈಹಿಡಿದು ಅರ್ಧ ಶತಮಾನಕ್ಕೂ ಮೀರಿ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಮರುವರ್ಷ ಹರಳುವಿಜ್ಞಾನದ ಅತ್ಯುನ್ನತ ಗೌರವವಾದ ಎವಾಲ್ಡ್ ಪ್ರಶಸ್ತಿ ಬಂತು. ಕೊಲಾಜೆನ್, ನಕ್ಷೆ, ಸೋಸಿ ಹರಡುವ ಲೆಕ್ಕ ಈ ಮೂರೂ ಪ್ರಕಟಿತ ಪ್ರಬಂಧಗಳಾಗಿ ಎಲ್ಲರ ಸ್ವತ್ತಾದವು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ಇಂಥ ಸಂಪತ್ತನ್ನು ಅರ್ಥಶಾಸ್ತ್ರ ಸಾರ್ವಜನಿಕ ಸರಕು ಎನ್ನುತ್ತದೆ. ಅದನ್ನು ಹುಟ್ಟಿಸಿದ್ದು ಸಾರ್ವಜನಿಕ ಹಣದಿಂದ ನಡೆದ ಎರಡು ಸಂಸ್ಥೆಗಳು. ಬೆಲೆ ಕಟ್ಟಿ ಮಾರಿದವರು ಬೇರೆಯವರು. ಇದರಲ್ಲಿ ಅನ್ಯಾಯವೇನೂ ಇಲ್ಲ, ವಿಜ್ಞಾನ ಬೆಳೆಯುವುದೇ ಹಾಗೆ. ಆದರೆ ತಿಳಿವಳಿಕೆ ಎಲ್ಲರ ಸ್ವತ್ತಾಗಬೇಕೆಂದು ಬದುಕಿದವರ ಕೆಲಸದ ಮೇಲೆ ನಿಂತ ಚಿಕಿತ್ಸೆಯಲ್ಲಿ, ರೋಗಿಯೊಬ್ಬನಿಗೇ ತಿಳಿವಳಿಕೆ ದಕ್ಕದಿದ್ದರೆ ಅದು ಅನ್ಯಾಯ. ದವಡೆಯ ಕುಳಿಯನ್ನು ಪುಡಿ ತುಂಬುತ್ತದೆ. ವೈದ್ಯ ಮತ್ತು ರೋಗಿಯ ನಡುವಿನ ಕುಳಿಯನ್ನು ತುಂಬಬೇಕಾದದ್ದು ಮಿತಿಗಳನ್ನೂ ಸೇರಿಸಿ ಹೇಳಿದ ಮಾತು.